ಲೆಕ್ಕದ ಮೇಷ್ಟ್ರಿಗೆ, ಮತ್ತೆ ಉಳಿದ ಎಲ್ಲರಿಗೂ

ಈ ಮಾರ್ಚ್ 31ಕ್ಕೆ ನಮ್ಮ ಅನುದಾನದ ಕೊನೆಯ ಕಂತಿನ ಲೆಕ್ಕ ಕೊಟ್ಟು ಮುಗಿಸಿದೆವು. ಬಂದ ದುಡ್ಡೆಲ್ಲ ಖರ್ಚಾಗಿದೆ, ಎಲ್ಲದಕ್ಕೂ ರಸೀದಿ ಇದೆ. ರಸೀದಿ ಇದೆ ಅಂತ ಬರೆಯುವಾಗ ನನಗೆ ಎಷ್ಟು ಖುಷಿ ಆಗ್ತಿದೆ ಅನ್ನೋದು ಸಣ್ಣ ಟ್ರಸ್ಟ್ ನಡೆಸೋರಿಗೆ ಮಾತ್ರ ಗೊತ್ತಾಗುತ್ತೆ. ಬೆಂಗಳೂರಿನ ಥಣಿಸಂದ್ರದಲ್ಲಿ ಕಟ್ಟಡ ಕಾರ್ಮಿಕರ ಮಕ್ಕಳಿಗಾಗಿ ನಡೆಸೋ ನಮ್ಮ ಶಿಶುಪಾಲನಾ ಕೇಂದ್ರ ಇನ್ನೂ ಬಾಗಿಲು ಹಾಕಿಲ್ಲ, ಭಾನುವಾರವೂ ತೆರೆದಿರುತ್ತೆ, ಮುಂದಿನ ವರ್ಷದ ಬಾಡಿಗೆಗೂ ದಾರಿ ಆಗಿದೆ. ಹಾಗಾಗಿ ಥ್ಯಾಂಕ್ಸ್ ಹೇಳಬೇಕಾದವರಿಗೆಲ್ಲ ಒಂದೇ ಸಲ ಇಲ್ಲಿ ಹೇಳ್ತಿದ್ದೇನೆ.

ದುಡ್ಡು ಕೊಟ್ಟಿದ್ದು ಇದೇ ಊರಿನ ಒಂದು ಲಾ ಫರ್ಮ್. ಹೆಸರು ಹಾಕಬೇಡಿ ಅಂತ ಅವರೇ ಹೇಳಿದ್ದಾರೆ. ವಕೀಲರು ಜಾಹೀರಾತು ಮಾಡಿಕೊಳ್ಳುವಂತಿಲ್ಲ, ಬಾರ್ ಕೌನ್ಸಿಲ್ ಆಫ್ ಇಂಡಿಯಾದ 36ನೇ ನಿಯಮ ಇದೆ. ಕೊಟ್ಟ ದಾನದ ಬಗ್ಗೆ ಪಡೆದವರು ಬರೆದರೆ ಅದು ಜಾಹೀರಾತಾಗುತ್ತಾ ಇಲ್ಲವಾ ಅಂತ ಅವರಲ್ಲೇ ಅರ್ಧ ಗಂಟೆ ವಾದ ನಡೆಯಿತಂತೆ. ಕೊನೆಗೆ ಬೇಡ ಅಂದರು. ಚೆಕ್‌ಗಿಂತ ಮೊದಲು ಬ್ಯಾನರ್ ಕಳಿಸಿದ ದಾನಿಗಳನ್ನೂ ನೋಡಿದ್ದೇವೆ, ಹಾಗಾಗಿ ನಮಗಿದು ಹೊಸದು.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಲಾಭದಲ್ಲಿ 2 ಪರ್ಸೆಂಟ್ ಸಮಾಜಕ್ಕೆ ಖರ್ಚು ಮಾಡಬೇಕು ಅನ್ನೋ ಸಿಎಸ್‌ಆರ್ ನಿಯಮ ಇದೆಯಲ್ಲ, ಕಂಪನಿ ಕಾಯ್ದೆಯ 135ನೇ ಸೆಕ್ಷನ್, ಅದು ದೊಡ್ಡ ಕಂಪನಿಗಳಿಗೆ ಮಾತ್ರ. ಲಾ ಫರ್ಮ್‌ಗಳು ಪಾಲುದಾರಿಕೆಯಲ್ಲಿ ನಡೆಯೋವು, ಅವುಗಳಿಗೆ ಆ ನಿಯಮ ಅನ್ವಯಿಸಲ್ಲ. ಇವರು ಕೊಡದೇ ಇದ್ದಿದ್ದರೆ ಯಾರೂ ಕೇಳ್ತಿರಲಿಲ್ಲ. ಅದೂ ಅಲ್ಲದೆ ಸಿಎಸ್‌ಆರ್ ದುಡ್ಡು ನಮಗೆ ಸಿಗ್ತಾನೂ ಇರಲಿಲ್ಲ, ಅದಕ್ಕೆ ಸಂಸ್ಥೆಗೆ ಕಮ್ಮಿ ಅಂದರೂ 3 ವರ್ಷ ಕೆಲಸ ಮಾಡಿದ ದಾಖಲೆ ಬೇಕು. ನಾವು ಶುರು ಮಾಡಿದ್ದೇ 2021ರಲ್ಲಿ. ಮೂರು ವರ್ಷ ಏನು ತಿಂದು ಬದುಕಬೇಕು ಅಂತ ಆ ನಿಯಮ ಹೇಳಲ್ಲ.

ಈ ಫರ್ಮ್‌ನಲ್ಲಿ ಪಾಲುದಾರರು ಪ್ರತಿ ವರ್ಷ ಒಂದಿಷ್ಟು ದುಡ್ಡು ಎತ್ತಿಡ್ತಾರೆ, ಊರೊಳಗಿನ ಸಣ್ಣ ಸಂಸ್ಥೆಗಳಿಗೆ ಅಂತಲೇ. ಯಾವ ಸಂಸ್ಥೆಗೆ ಅಂತ ಸೂಚಿಸೋ ಹಕ್ಕು ಆಫೀಸಿನ ಎಲ್ಲರಿಗೂ ಇದೆ. ನಮ್ಮನ್ನು ಸೂಚಿಸಿದ್ದು ಅಲ್ಲಿನ ಒಬ್ಬ ಡ್ರೈವರ್ ಅಣ್ಣ. ಅರ್ಜಿ ಎರಡು ಪುಟ, ಕನ್ನಡದಲ್ಲೇ ಬರೆದುಕೊಟ್ಟೆವು, ಬಾಡಿಗೆಗೂ ಸಂಬಳಕ್ಕೂ ಕೊಡ್ತೇವೆ ಅಂದರು. ಸಂಬಳಕ್ಕೆ ಅಂದ ತಕ್ಷಣ ಮುಖ ಸಿಂಡರಿಸೋರನ್ನು ನೋಡಿ ನೋಡಿ ನಮಗೆ ಅದನ್ನು ನಂಬೋಕೆ ಸ್ವಲ್ಪ ಹೊತ್ತು ಬೇಕಾಯ್ತು.

ಸಂದರ್ಶನದಲ್ಲಿ ಹಿರಿಯ ಪಾಲುದಾರ ಮೇಡಂ ಒಂದೇ ಪ್ರಶ್ನೆ ಕೇಳಿದರು. 'ಕಟ್ಟಡ ಕಾರ್ಮಿಕರ ಕಾಯ್ದೆ 1996ರಿಂದಲೇ ಇದೆ, ಮಕ್ಕಳಿಗೆ ಕೋಣೆ ಬಿಲ್ಡರೇ ಕೊಡಬೇಕು ಅಂತ ಅದರಲ್ಲಿದೆ, ನೀವ್ಯಾಕೆ ಮಾಡ್ತೀರಿ?' ನಾನು ಬಾಯಿ ತೆಗೆಯೋ ಮೊದಲೇ ನಮ್ಮ ಟೀಚರ್ ಹೇಳಿದರು. 'ಒಂದು ಸೈಟಲ್ಲಿ 50ಕ್ಕಿಂತ ಜಾಸ್ತಿ ಹೆಂಗಸರಿದ್ದರೆ ಮಾತ್ರ ಅಂತ ಅದರಲ್ಲೇ ಇದೆ ಮೇಡಂ. ನಮ್ಮ ಏರಿಯಾದಲ್ಲಿ ಕಟ್ಟೋದೆಲ್ಲ ನಾಲ್ಕೈದು ಮಹಡಿ ಬಿಲ್ಡಿಂಗು. ಒಂದೊಂದರಲ್ಲಿ ಐದಾರು ಜನ ಇರ್ತಾರೆ.' ಮೇಡಂ ಬರೆದುಕೊಂಡರು. ಸರ್ಕಾರದ ಕೂಸಿನ ಮನೆ ಒಳ್ಳೆ ಯೋಜನೆ, ಆದರೆ ಅದು ಇರೋದು ಗ್ರಾಮ ಪಂಚಾಯಿತಿಗಳಲ್ಲಿ. ಯಾದಗಿರಿ, ರಾಯಚೂರು ಕಡೆಯಿಂದ ಬಂದು ಇಲ್ಲಿ ಜಲ್ಲಿ ಹೊರೋ ತಾಯಂದಿರು ಅದರಲ್ಲೂ ಸೇರಲ್ಲ, ಇದರಲ್ಲೂ ಸೇರಲ್ಲ.

ಈಗ ಮೇಷ್ಟ್ರ ವಿಷಯ.

ಅವರು ಆ ಫರ್ಮ್‌ನ ಅಕೌಂಟ್ಸ್ ನೋಡಿಕೊಳ್ಳೋರು. ಮೊದಲು ತಮ್ಮೂರಿನ ಸೊಸೈಟಿಯಲ್ಲಿ ಲೆಕ್ಕ ಬರೀತಿದ್ದರಂತೆ. ನಾವೆಲ್ಲ ಅವರನ್ನು ಲೆಕ್ಕದ ಮೇಷ್ಟ್ರು ಅಂತಲೇ ಕರೆಯೋದು. ಎರಡನೇ ಕಂತು ಬಿಡೋ ಮೊದಲು ಕಾಗದಪತ್ರ ನೋಡೋಕೆ 2024ರ ಜೂನ್‌ನಲ್ಲಿ ಸ್ಕೂಟರ್‌ನಲ್ಲಿ ಬಂದರು. ಮಾತಿಲ್ಲದ ಮನುಷ್ಯ. ಫೈಲೆಲ್ಲ ತಿರುವಿ ಹಾಕಿ, '12ಎ ಖಾಯಂ ಮಾಡಿಸೋ ಅರ್ಜಿ ಹಾಕಿದ್ದೀರಲ್ಲ, ಅಕ್ನಾಲೆಡ್ಜ್‌ಮೆಂಟ್ ಎಲ್ಲಮ್ಮಾ?' ಅಂದರು. ಹಾಕಿಯಾಗಿದೆ ಅಂತ ನಮ್ಮ ಹಿಂದಿನ ಆಡಿಟರ್ ಹೇಳಿದ್ದರು. ಫೋನ್ ಮಾಡಿದೆ. ಆಮೇಲೂ ಮಾಡಿದೆ. ಅವರು ಎತ್ತಲಿಲ್ಲ, ಮತ್ತೆ ಯಾವತ್ತೂ ಎತ್ತಲಿಲ್ಲ.

ಗೊತ್ತಿಲ್ಲದವರಿಗೆ ಹೇಳ್ತೇನೆ. ಹೊಸ ಟ್ರಸ್ಟ್‌ಗೆ ಆದಾಯ ತೆರಿಗೆ ಇಲಾಖೆ ಮೊದಲು ತೆರಿಗೆ ವಿನಾಯಿತಿಯ ತಾತ್ಕಾಲಿಕ ನೋಂದಣಿ ಕೊಡುತ್ತೆ, ಆಗ ಅದಕ್ಕೆ 12ಎ ಅಂತಿದ್ದರು. ಅದನ್ನು ಖಾಯಂ ಮಾಡಿಸೋಕೆ ಆಗ 10ಎಬಿ ಅಂತ ಒಂದು ಫಾರಂ ಹಾಕಬೇಕಿತ್ತು. ನಮ್ಮಂಥವರ ಗಡುವು ದಾಟಿ ಹೋಗಿತ್ತು, ಇಲಾಖೆ ದೊಡ್ಡ ಮನಸ್ಸು ಮಾಡಿ 2024ರ ಜೂನ್ 30ರವರೆಗೆ ಮುಂದೂಡಿತ್ತು. ಅದೂ ತಪ್ಪಿದರೆ ತೆರಿಗೆ ವಿನಾಯಿತಿ ಹೋಗುತ್ತೆ. ಅಷ್ಟೇ ಆಗಿದ್ದರೆ ಹೇಗೋ ಆಗ್ತಿತ್ತು, ಅರ್ಜಿ ಹಾಕದವರ ಆಸ್ತಿಯ ಮೇಲೂ ತೆರಿಗೆ ಹಾಕೋ ನಿಯಮವನ್ನು 2023ರಲ್ಲಿ ತಂದಿದ್ದರು. ನಮ್ಮ ಆಸ್ತಿ ಅಂದರೆ ತೊಟ್ಟಿಲು, ಕುಕ್ಕರು, ಒಂದು ಸೆಕೆಂಡ್ ಹ್ಯಾಂಡ್ ಫ್ರಿಜ್ಜು. ಆದರೂ ಹೊಟ್ಟೆಯಲ್ಲಿ ನಡುಕ ಬಂತು.

ಜೂನ್ 30 ಭಾನುವಾರ. ಹಿಂದಿನ ರಾತ್ರಿ ಬಾರ್ಬಡೋಸ್‌ನಲ್ಲಿ ಇಂಡಿಯಾ ಟಿ20 ವರ್ಲ್ಡ್ ಕಪ್ ಗೆದ್ದಿತ್ತು, ಊರೆಲ್ಲ ಪಟಾಕಿ ಹೊಡೆದು ಮಲಗಿತ್ತು. ಮೇಷ್ಟ್ರ ಆಫೀಸಿನವರಿಗೆ ಬೇರೆ ತಲೆಬಿಸಿ, ಅವತ್ತು ರಾತ್ರಿ 12 ದಾಟಿದರೆ 1860ರ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬರ್ತಿತ್ತು, ವಕೀಲರೆಲ್ಲ ಹೊಸ ಪುಸ್ತಕ ಹಿಡಿದು ಕೂತಿದ್ದರು. ಮೇಷ್ಟ್ರು ನಮ್ಮ ಕೇಂದ್ರಕ್ಕೆ ಬಂದರು. ಯಾರೂ ಕಳಿಸಿದ್ದಲ್ಲ. ರಜೆ ದಿನ, ಸುಮ್ನೆ ಮನೆಯಲ್ಲಿರಬಹುದಿತ್ತು.

ಮಕ್ಕಳ ಪ್ಲಾಸ್ಟಿಕ್ ಕುರ್ಚಿ ಬಿಟ್ಟರೆ ನಮ್ಮಲ್ಲಿ ಕೂರೋಕೆ ಏನೂ ಇರಲಿಲ್ಲ. ಅದರಲ್ಲೇ ಮಂಡಿ ಎದೆಗೆ ತಾಗೋ ಹಾಗೆ ಕೂತು, ಚೀಲದಿಂದ ದಬ್ಬಣ ದಾರ ತೆಗೆದು, ಬೆರಳಿಗೆ ರಬ್ಬರ್ ಟೋಪಿ ಹಾಕಿಕೊಂಡು, ಬಿಸ್ಕೆಟ್ ಡಬ್ಬದಲ್ಲಿದ್ದ ವೋಚರ್‌ಗಳನ್ನು ತಿಂಗಳುವಾರು ಪೋಣಿಸ್ತಾ ಹೋದರು. ಹಾಲು, ಗ್ಯಾಸ್, ಫಿನಾಯಿಲ್, ಹಾಲು, ಹಾಲು. ಬಿಲ್ ಇಲ್ಲದ ಒಂದು ಚೀಟಿ ಬಂತು. 'ಗಾಡಿ ಬಾಡಿಗೆ, ಯಾದಗಿರಿವರೆಗೆ' ಅಂತ ನನ್ನ ಕೈಬರಹ. ಇದನ್ನು ಯಾವ ಹೆಡ್‌ಗೆ ಹಾಕೋಣ ಅಂತ ಕೇಳಿದರು.

2022ರಲ್ಲಿ ಏನಾಯ್ತು ಅಂತ ನಿಮಗೆಲ್ಲ ಗೊತ್ತು. ಆ ಸಂಪ್, ಆ ಮಗು. ಇಲ್ಲಿ ಮತ್ತೆ ಬರೆಯಲ್ಲ. ಆಗ ಭಾನುವಾರ ನಮ್ಮ ಕೇಂದ್ರಕ್ಕೆ ರಜೆ ಇರ್ತಿತ್ತು, ಸೈಟಿಗೆ ರಜೆ ಇರ್ತಿರಲಿಲ್ಲ. ಅಷ್ಟು ದಿನ ನಾನು ಯಾರ ಮುಂದೆಯೂ ಅತ್ತಿರಲಿಲ್ಲ, ಪರಿಚಯವೇ ಇಲ್ಲದ ಆ ಮನುಷ್ಯನ ಎದುರು ವೋಚರ್ ರಾಶಿ ಮಧ್ಯೆ ಕೂತು ಅತ್ತುಬಿಟ್ಟೆ, ಹೇಗೆ ಅಂದರೆ ಅಡುಗೆಮನೆಯಿಂದ ಅಕ್ಕ ಓಡಿ ಬಂದರು. ಮೇಷ್ಟ್ರು ಸಮಾಧಾನ ಮಾಡಲಿಲ್ಲ. ನೀರು ಕುಡಿ ಅಂತಲೂ ಹೇಳಲಿಲ್ಲ. ನಾನು ಸುಮ್ಮನಾಗೋವರೆಗೆ ಕಾದು, 'ಕುಟುಂಬ ಸಹಾಯ ಅಂತ ಒಂದು ಹೆಡ್ ಮಾಡೋಣಮ್ಮಾ, ಮುಂದಕ್ಕೂ ಬೇಕಾಗುತ್ತೆ' ಅಂದರು. ಬರೆದರು. ಆ ಹೆಡ್ ಈಗಲೂ ನಮ್ಮ ಲೆಕ್ಕದಲ್ಲಿದೆ. ಅವತ್ತಿನ ಮಟ್ಟಿಗೆ ನನಗೆ ಬೇಕಾಗಿದ್ದೂ ಅದೇ ಇರಬೇಕು, ಆ ಮಗುವಿನ ಲೆಕ್ಕಕ್ಕೂ ಒಂದು ಜಾಗ.

ಹನ್ನೊಂದು ಗಂಟೆ ಹೊತ್ತಿಗೆ ಫಾರಂ ತುಂಬಿ ಆಯ್ತು. ಪೋರ್ಟಲ್‌ನಲ್ಲಿ ಚಕ್ರ ತಿರುಗ್ತಾನೇ ಇತ್ತು, ಕೊನೇ ದಿನ ಅಂದರೆ ಅದರ ಅವತಾರ ಗೊತ್ತಲ್ವಾ. ಅಂತೂ ಓಟಿಪಿ ಕೇಳ್ತು. ಅದು ಹೋಗೋದು ನಮ್ಮ ಮ್ಯಾನೇಜಿಂಗ್ ಟ್ರಸ್ಟಿ ಅಕ್ಕನ ಫೋನಿಗೆ. ಅಕ್ಕ ಇರೋದು ಸುರಪುರದ ಹತ್ತಿರದ ಹಳ್ಳಿಯಲ್ಲಿ, ತೊಗರಿ ಬಿತ್ತನೆಗೆ ಅಂತ ಹೋಗಿದ್ದರು. ಲೈನ್ ಸಿಕ್ಕರೆ ಧ್ವನಿ ಇಲ್ಲ, ಧ್ವನಿ ಬಂದರೆ ಮೆಸೇಜ್ ಇಲ್ಲ. 'ತಡೀರಿ, ಮಾಳಗಿ ಮ್ಯಾಲ ಹೋಗ್ತೀನಿ' ಅಂದರು. ಎಪ್ಪತ್ತರ ಹತ್ತಿರದ ಹೆಂಗಸು, ಕತ್ತಲಲ್ಲಿ ಏಣಿ ಹತ್ತಿದ್ದಾರೆ. 'ಬಂತ್ ನೋಡ್ರಿ, ಬರ್ಕೊಳ್ರಿ' ಅಂತ ಒಂದೊಂದೇ ಅಂಕಿ ಕೂಗಿ ಹೇಳಿದರು. ಮೇಷ್ಟ್ರು ಕೆಂಪು ಪೆನ್ನಲ್ಲಿ ಅಂಗೈ ಮೇಲೆ ಬರೆದುಕೊಂಡರು. ಹನ್ನೆರಡಕ್ಕೆ ಇನ್ನೇನು ಕೆಲವೇ ನಿಮಿಷ ಇದ್ದಾಗ ಅರ್ಜಿ ಹೋಯ್ತು.

ಆಮೇಲೆ ಅವರು ತಣ್ಣಗಾಗಿದ್ದ ಚಿತ್ರಾನ್ನ ತಿಂದರು, ಎರಡು ಸಲ ಹಾಕಿಸಿಕೊಂಡರು. ಅಕ್ನಾಲೆಡ್ಜ್‌ಮೆಂಟ್ ಪ್ರಿಂಟ್ ತೆಗೆದು ಒಂದು ಫೈಲಿಗೆ, ಒಂದು ಮನೆಗೆ ಅಂತ ಹೇಳಿ ಸ್ಕೂಟರ್ ಹತ್ತಿದರು. ಖಾಯಂ ನೋಂದಣಿಯ ಆದೇಶ ತಿಂಗಳುಗಳ ಮೇಲೆ ಬಂತು. ವಾಟ್ಸಾಪ್‌ನಲ್ಲಿ ಕಳಿಸಿದೆ. 'ಓಕೆ' ಅಂತ ಉತ್ತರ ಬಂತು.

ಅವರ ದುಡ್ಡಿನಿಂದ ಏನಾಯ್ತು ಅಂತ ಕೇಳೋರಿಗೆ: ಭಾನುವಾರಕ್ಕೆ ಒಬ್ಬ ಟೀಚರ್, ಒಬ್ಬ ಆಯಾ, ಇಬ್ಬರಿಗೂ ತಿಂಗಳ ಒಂದನೇ ತಾರೀಖಿಗೆ ಸರಿಯಾಗಿ ಸಂಬಳ. ಹೇಳಿಕೊಳ್ಳೋಕೆ ಸಣ್ಣದು, ಫೋಟೋ ತೆಗೆಯೋಕಂತೂ ಏನೂ ಇಲ್ಲ. ಆದರೆ ದಾನ ಕೊಡೋ ಯೋಚನೆ ಇರೋ ಬೇರೆ ಆಫೀಸಿನವರು ಯಾರಾದರೂ ಇದನ್ನು ಓದ್ತಿದ್ದರೆ, ದುಡ್ಡಿನ ಜೊತೆ ನಿಮ್ಮ ಅಕೌಂಟ್ಸ್‌ನವರನ್ನೂ ಒಂದೆರಡು ದಿನ ಕಳಿಸಿ ಅಂತ ಕೇಳಿಕೊಳ್ತೇನೆ. ನಮ್ಮಂಥ ಎಷ್ಟೋ ಸಂಸ್ಥೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳೋಕೆ ಬರುತ್ತೆ, ಫಾರಂ ನೋಡಿಕೊಳ್ಳೋಕೆ ಬರಲ್ಲ.

ಭಾನುವಾರವೇ ಬಂದು ಆಡಿಟ್‌ಗೆ ಸಹಿ ಹಾಕಿದ ಸಿಎ ಮೇಡಂ, ಮೂರು ತಿಂಗಳ ಬಾಡಿಗೆಗೆ ಕಾದ ಮನೆ ಓನರ್ ಅಂಕಲ್, ಡ್ರೈವರ್ ಅಣ್ಣ, ಮಾಳಿಗೆ ಹತ್ತಿದ ಅಕ್ಕ, ಚಿತ್ರಾನ್ನದ ಅಕ್ಕ, ಗ್ಯಾಸ್ ಸಾಲ ಕೊಟ್ಟ ಎದುರು ಮನೆಯವರು, ಫರ್ಮ್‌ನ ಸಮಿತಿಯವರು, ಎಲ್ಲರಿಗೂ ಥ್ಯಾಂಕ್ಸ್. ಒಂದೇ ವಾಕ್ಯದಲ್ಲಿ ಸೇರಿಸಿದ್ದಕ್ಕೆ ಬೈಕೋಬೇಡಿ, ಮನೆಗೆ ಬಂದಾಗ ಸರಿಯಾಗಿ ಹೇಳ್ತೇನೆ.

ಈ ವರ್ಷದ ಲೆಕ್ಕಪತ್ರ ಕೇಂದ್ರದ ಬಾಗಿಲ ಪಕ್ಕದ ಬೋರ್ಡಿಗೆ ಹಾಕಿದ್ದೇವೆ, ಯಾರು ಬೇಕಾದರೂ ಬಂದು ನೋಡಬಹುದು. ಬರೋರು ಗೊಂಬೆ ತರಬೇಡಿ, ಇಡೋಕೆ ಜಾಗ ಇಲ್ಲದಷ್ಟು ಇವೆ. ಹಳೇ ಕಾಟನ್ ಬೆಡ್‌ಶೀಟ್ ಇದ್ದರೆ ತನ್ನಿ, ಮಳೆಗಾಲದಲ್ಲಿ ಒಗೆದದ್ದು ಒಣಗಲ್ಲ.