ಕಂಪನಿ ಕಾರು ಆರಿಸುವ ಮುಂಚೆ, ಪುಟ್ಟು

ಕವೆಂಟ್ರಿ, ಭಾನುವಾರ ರಾತ್ರಿ

ಚಿ. ಪುಟ್ಟುಗೆ ನಿನ್ನ ಚಿಕ್ಕಮ್ಮನ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ ನೀನು ಹೇಳಿದ್ದು ಕೇಳಿ ತುಂಬಾ ಖುಷಿಯಾಯಿತು. ಶಿವಮೊಗ್ಗದಿಂದ ಇಂಗ್ಲೆಂಡಿಗೆ ಬಂದು ಐದೇ ವರ್ಷಕ್ಕೆ ಕಂಪನಿ ಕಾರು ಕೊಡುವಂಥ ಕೆಲಸ ಸಿಗುವುದು ಸಣ್ಣ ಮಾತಲ್ಲ. ನಿಮ್ಮಮ್ಮನೂ ಫೋನ್ ಮಾಡಿದ್ದಳು. ಪುಟ್ಟು ಎಸ್ಟೇಟ್ ತಗೋತಾನಂತೆ ಅಂದಳು. ನಮ್ಮ ಕಡೆ ಎಸ್ಟೇಟ್ ಅಂದರೆ ಕಾಫಿ ತೋಟ ತಾನೇ? ಇಲ್ಲಿ ಹಾಗಂದರೆ ಡಿಕ್ಕಿಯ ಭಾಗ ಉದ್ದಕ್ಕಿರುವ ಕಾರು ಅಕ್ಕಾ ಅಂತ ಬಿಡಿಸಿ ಹೇಳಿದೆ.

ಪ್ಲಗ್-ಇನ್ ಹೈಬ್ರಿಡ್ ಎಸ್ಟೇಟ್, ಟ್ಯಾಕ್ಸ್ ತುಂಬಾ ಕಡಿಮೆ, ಶುಕ್ರವಾರದೊಳಗೆ ಫಾರ್ಮ್ ಕೊಡಬೇಕು ಅಂತ ನೀನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಪ್ಲಗ್-ಇನ್ ಅಂದರೆ ಪೆಟ್ರೋಲ್ ಇಂಜಿನ್ನೂ ಇರುವ, ಕೇಬಲ್ ಚುಚ್ಚಿ ಚಾರ್ಜ್ ಮಾಡುವ ಬ್ಯಾಟರಿಯೂ ಇರುವ ಕಾರು. ಬೇಡ ಅನ್ನುವುದಕ್ಕೆ ಈ ಕಾಗದ ಬರೆಯುತ್ತಿಲ್ಲ. ನಾನೂ ಅದೇ ಥರದ ಎರಡು ಕಾರು ಓಡಿಸಿದವಳು. ಒಂದರಲ್ಲಿ ಕೈ ಸುಟ್ಟುಕೊಂಡೆ, ಇನ್ನೊಂದರಲ್ಲಿ ಸುಖವಾಗಿದ್ದೆ. ವ್ಯತ್ಯಾಸ ಕಾರಿನಲ್ಲಿ ಇರಲಿಲ್ಲ.

2017ರಲ್ಲಿ ನಾನು ಲೆಸ್ಟರ್‌ನಲ್ಲಿ ಎರಡನೇ ಮಹಡಿಯ ಫ್ಲ್ಯಾಟ್‌ನಲ್ಲಿದ್ದೆ. ಆಸ್ಪತ್ರೆ ಲ್ಯಾಬ್‌ಗಳ ಮಷೀನು ನೋಡಿಕೊಳ್ಳುವ ಕೆಲಸ. ಇವತ್ತು ನಾಟಿಂಗ್‌ಹ್ಯಾಮ್, ನಾಳೆ ಡರ್ಬಿ, ನಾಡಿದ್ದು ಸ್ಟೋಕ್. ಆಗ ಕಿಲೋಮೀಟರಿಗೆ ಹೊಗೆ (ಇಂಗಾಲದ ಡೈಆಕ್ಸೈಡ್) 50 ಗ್ರಾಂ ಒಳಗಿದ್ದ ಕಾರಿಗೆ ಟ್ಯಾಕ್ಸ್ ಲೆಕ್ಕಕ್ಕೆ ಹಿಡಿಯುತ್ತಿದ್ದದ್ದು ಕಾರಿನ ಬೆಲೆಯ ಶೇ. 9. ನನ್ನ ಹಳೇ ಡೀಸೆಲ್ ಕಾರಿಗೆ ಅದರ ಎರಡೂವರೆ ಪಟ್ಟಿಗಿಂತ ಜಾಸ್ತಿ. ಆ ಒಂದು ಅಂಕಿ ನೋಡಿ ಸಹಿ ಹಾಕಿದೆ. ಚಾರ್ಜಿಂಗ್ ಎಲ್ಲಿ ಮಾಡುತ್ತೀ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಕಾರು ಬಂದ ಮೇಲೆ ಪಾರ್ಕಿಂಗ್ ಜಾಗದಲ್ಲಿ ಒಂದು ಪ್ಲಗ್ ಪಾಯಿಂಟ್ ಕೊಡಿ ಅಂತ ಕಟ್ಟಡದವರಿಗೆ ಮೂರು ಸಲ ಬರೆದೆ. ಆಗಲ್ಲ ಅಂದರು. ಮಹಡಿಯ ಕಿಟಕಿಯಿಂದ ವೈರು ಇಳಿಬಿಡುವುದಕ್ಕೆ ಆಗುತ್ತದಾ?

ಕಾಗದದ ಮೇಲೆ ಗ್ಯಾಲನ್‌ಗೆ ನೂರು ಮೈಲಿ ದಾಟುತ್ತಿದ್ದ ಕಾರು ನನ್ನ ಕೈಯಲ್ಲಿ 38 ಕೊಟ್ಟಿತು. ಹಳೇ ಡೀಸೆಲ್ಲೇ 55 ಕೊಡುತ್ತಿತ್ತು. ಯಾಕೆ ಅಂತೀಯಾ? ಖಾಲಿ ಬ್ಯಾಟರಿ ಅಂದರೆ ಸುಮ್ನೆ ಹೊರೆ. ಆ ಭಾರವನ್ನೆಲ್ಲ ಪೆಟ್ರೋಲ್ ಇಂಜಿನ್ನೇ ಎಳೆಯಬೇಕು. ಮೂರು ವರ್ಷವಾದ ಮೇಲೆ ಕಾರು ವಾಪಸ್ ತಗೊಳ್ಳುವುದಕ್ಕೆ ಒಬ್ಬರು ಬಂದರು. ಟೈರು, ಗೀರು ಎಲ್ಲ ನೋಡಿ ಕೊನೆಗೆ ಡಿಕ್ಕಿಯ ತಳದ ಹಲಗೆ ಎತ್ತಿದರು. ಚಾರ್ಜಿಂಗ್ ಕೇಬಲ್ ಬಂದ ದಿನ ಹೇಗಿತ್ತೋ ಹಾಗೇ ಸುತ್ತಿಕೊಂಡು ಮಲಗಿತ್ತು. ಪ್ಲಾಸ್ಟಿಕ್ ಚೀಲ ಒಡೆದಿರಲಿಲ್ಲ. ಅವರು ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ, ಪಟ್ಟಿಯಲ್ಲಿ ಟಿಕ್ ಹಾಕಿಕೊಂಡರು. ಆ ಚೀಲ ನೋಡಿ ನನಗೆ ನಿಜವಾಗಿ ಸಂಕಟವಾಯಿತು ಪುಟ್ಟು. ಮೂರು ವರ್ಷ ಸುಮ್ನೆ ಹೊಗೆ ಬಿಟ್ಟಿದ್ದೆ.

ಇದು ನನ್ನೊಬ್ಬಳ ಕಥೆಯಲ್ಲ. ಐಸಿಸಿಟಿ ಅಂತ ವಾಹನಗಳ ಹೊಗೆ ಬಗ್ಗೆ ಅಧ್ಯಯನ ಮಾಡುವ ಸಂಸ್ಥೆ ಇದೆ. 2022ರಲ್ಲಿ ಯುರೋಪಿನ ಪ್ಲಗ್-ಇನ್ ಕಾರುಗಳ ಲೆಕ್ಕ ತೆಗೆದರು. ಸ್ವಂತ ದುಡ್ಡಿನಲ್ಲಿ ಕೊಂಡವರ ಕಾರು ಕಾಗದದಲ್ಲಿ ಹೇಳಿದ್ದಕ್ಕಿಂತ ಸುಮಾರು ಮೂರು ಪಟ್ಟು ಪೆಟ್ರೋಲ್ ಕುಡಿಯುತ್ತಿತ್ತು. ಕಂಪನಿ ಕಾರಾದರೆ ಸುಮಾರು ಐದು ಪಟ್ಟು. ಕಾರು ಅವೇ. ಪ್ಲಗ್ ಹಾಕುವ ಅಭ್ಯಾಸ ಬೇರೆ.

2021ರಲ್ಲಿ ಈ ಮನೆಗೆ ಬಂದ ಮೇಲೆ ಗೋಡೆಗೆ ಚಾರ್ಜರ್ ಹಾಕಿಸಿಕೊಂಡು ಎರಡನೇ ಕಾರು ತಗೊಂಡೆ. ಅಷ್ಟು ಹೊತ್ತಿಗೆ ಪಾಠ ಕಲಿತಿದ್ದೆ. ನಿಮ್ಮಜ್ಜಿ ಎಷ್ಟೇ ಸುಸ್ತಾಗಿದ್ದರೂ ಮಲಗುವ ಮುಂಚೆ ಹಾಲಿಗೆ ಹೆಪ್ಪು ಹಾಕುತ್ತಿದ್ದರು, ನೆನಪಿದೆಯಾ? ಒಂದು ರಾತ್ರಿ ಮರೆತರೆ ಬೆಳಿಗ್ಗೆ ಮೊಸರಿಲ್ಲ. ಈ ಕಾರಿನದೂ ಅದೇ ಲೆಕ್ಕ. ನವೆಂಬರ್ ತಿಂಗಳ ಮಳೆಯಲ್ಲಿ, ಕೈ ಮರಗಟ್ಟುವ ಚಳಿಯಲ್ಲಿ, ಊಟ ಮುಗಿಸಿ ಹೊರಗೆ ಹೋಗಿ ಕೇಬಲ್ ಚುಚ್ಚಿ ಬರಬೇಕು. ಪೂರ್ತಿ ಬ್ಯಾಟರಿ ಕಾರಿನವರು ನಾಲ್ಕು ದಿನಕ್ಕೊಮ್ಮೆ ಮಾಡಿದರೆ ನಡೆಯುತ್ತದೆ. ನಿನ್ನದು ಸಣ್ಣ ಬ್ಯಾಟರಿ, ನಿನಗೆ ದಿನಾ ಆಗಬೇಕು.

ನೀನು ಬಾಡಿಗೆ ಮನೆಯಲ್ಲಿದ್ದೀಯ. ಮುಂದೆ ಕಾರು ನಿಲ್ಲಿಸುವ ಜಾಗ ಇದೆ ಅಂದೆ, ಸಂತೋಷ. ಗೋಡೆಗೆ ಚಾರ್ಜರ್ ಹಾಕಿಸಲು ಮನೆ ಮಾಲೀಕರು ಒಪ್ಪುತ್ತಾರಾ? ಬಾಯಿಮಾತು ಸಾಲದು, ಬರೆಸಿಕೊ. ಬಾಡಿಗೆಯವರಿಗೆ ಸರ್ಕಾರದ ಅನುದಾನವೂ ಇದೆ, ಮಾಲೀಕರಿಗೆ ಅದನ್ನು ಹೇಳು. ಮನೆಯ ಮಾಮೂಲಿ ಮೂರು ಪಿನ್ನಿನ ಪ್ಲಗ್‌ನಲ್ಲೂ ಆಗುತ್ತದೆ, ಆದರೆ ನೀನು ಹೇಳಿದ ಕಾರಿಗೆ ಹತ್ತು ಗಂಟೆ ಹತ್ತಿರ ಬೇಕು. 7 ಕಿಲೋವ್ಯಾಟ್ ಚಾರ್ಜರ್ ಇದ್ದರೆ ಮೂರು, ಮೂರೂವರೆ ಗಂಟೆ. ಈ ವ್ಯತ್ಯಾಸದಲ್ಲೇ ದುಡ್ಡು ಇರುವುದು. ನಡುರಾತ್ರಿಯ ನಾಲ್ಕೈದು ಗಂಟೆ ಕರೆಂಟ್ ಯೂನಿಟ್‌ಗೆ 8 ಪೆನ್ಸ್ ಆಸುಪಾಸು ಸಿಗುವ ಪ್ಲಾನುಗಳಿವೆ. ಆ ಹೊತ್ತಿನಲ್ಲೇ ತುಂಬಿಸಿಕೊಂಡರೆ ಮೈಲಿಗೆ ಸುಮಾರು 3 ಪೆನ್ಸ್ ಬೀಳುತ್ತದೆ. ಪೆಟ್ರೋಲ್ ಲೀಟರಿಗೆ 1.40 ಪೌಂಡ್ ಅಂತ ಇಟ್ಟುಕೊಂಡರೆ ಮೋಟರ್‌ವೇಯಲ್ಲಿ ಮೈಲಿಗೆ ಸುಮಾರು 14 ಪೆನ್ಸ್. ಹೊರಗಿನ ರ್‍ಯಾಪಿಡ್ ಚಾರ್ಜರ್‌ಗಳಲ್ಲಿ ಯೂನಿಟ್‌ಗೆ 75 ಪೆನ್ಸ್ ಕೊಟ್ಟರೆ ಮೈಲಿಗೆ 25! ಅದಕ್ಕಿಂತ ಪೆಟ್ರೋಲೇ ಅಗ್ಗ. ಮನೆಯಲ್ಲಿ ಚಾರ್ಜ್ ಮಾಡಲು ಆಗದಿದ್ದರೆ ಈ ಕಾರಿನ ಆಸೆ ಬಿಟ್ಟುಬಿಡು.

ಈಗ ಟ್ಯಾಕ್ಸಿನ ವಿಷಯ. ಇದನ್ನು ನಿಧಾನವಾಗಿ ಓದು, ಪೆನ್ನು ಹಿಡಿದುಕೊ.

ಕಾರಿನ ಪಟ್ಟಿ ಬೆಲೆಯ ಇಂತಿಷ್ಟು ಭಾಗವನ್ನು ನಿನ್ನ ಸಂಬಳ ಅಂತಲೇ ಹಿಡಿದು ಅದಕ್ಕೆ ಇನ್‌ಕಮ್ ಟ್ಯಾಕ್ಸ್ ಹಾಕುತ್ತಾರೆ. ನೀನು ನೋಡಿದ ಕಾರಿನ ಪಟ್ಟಿ ಬೆಲೆ 42,000 ಪೌಂಡ್ ಅಂದೆ. ಕಂಪನಿಗೆ ಎಷ್ಟೇ ರಿಯಾಯಿತಿ ಸಿಕ್ಕಿರಲಿ, ಲೆಕ್ಕಕ್ಕೆ ಪಟ್ಟಿ ಬೆಲೆಯೇ. ಗಾಜಿನ ಛಾವಣಿ, ದೊಡ್ಡ ಚಕ್ರ ಅಂತ ಸೇರಿಸಿದರೆ ಅದೂ ಕೂಡುತ್ತದೆ. 50 ಗ್ರಾಂ ಒಳಗಿನ ಕಾರಿಗೆ ಬರೀ ಕರೆಂಟಿನಲ್ಲಿ ಎಷ್ಟು ಮೈಲಿ ಹೋಗುತ್ತದೆ ಅನ್ನುವುದರ ಮೇಲೆ ಶೇಕಡಾವಾರು ನಿಗದಿ. 2026-27ರಲ್ಲಿ 70 ಮೈಲಿ ದಾಟಿದರೆ ಶೇ. 7. 40ರಿಂದ 69 ಮೈಲಿ ಆದರೆ ಶೇ. 10. 30 ಮೈಲಿಯೂ ಹೋಗದಿದ್ದರೆ ಶೇ. 16. ನೀನು ನೋಡಿದ ಸ್ಕೋಡಾ ಸೂಪರ್ಬ್, ಅದರ ಜೊತೆಯದೇ ಆದ ಫೋಕ್ಸ್‌ವ್ಯಾಗನ್ ಪಸಾಟ್, ಎರಡೂ ಕಾಗದದ ಮೇಲೆ 70 ದಾಟುತ್ತವೆ. ಹಾಗಾಗಿ 42,000ಕ್ಕೆ ಶೇ. 7 ಅಂದರೆ 2,940. ನೀನು ಶೇ. 40ರ ಇನ್‌ಕಮ್ ಟ್ಯಾಕ್ಸ್ ಪಟ್ಟಿಯಲ್ಲಿದ್ದೀಯ, ಹಾಗಾಗಿ ಕಟ್ಟಬೇಕಾದದ್ದು ವರ್ಷಕ್ಕೆ 1,176 ಪೌಂಡ್. ತಿಂಗಳಿಗೆ 98. ಇದೇ ಬೆಲೆಯ ಮಾಮೂಲಿ ಪೆಟ್ರೋಲ್ ಕಾರಾದರೆ ವರ್ಷಕ್ಕೆ 5,000 ದಾಟುತ್ತದೆ. ನಿನ್ನ ಆಸೆ ಯಾಕೆ ಅಂತ ನನಗೆ ಅರ್ಥವಾಗುತ್ತದೆ.

ಆದರೆ ಕಂಪನಿಯವರು ನಿನಗೆ ಕಾರು ಕೊಡುವುದು ನಾಲ್ಕು ವರ್ಷಕ್ಕೆ ಅಲ್ವಾ? 2027-28ರಲ್ಲಿ ಶೇ. 8 ಆಗುತ್ತದೆ, ಪರವಾಗಿಲ್ಲ. 2028ರ ಏಪ್ರಿಲ್ 6ಕ್ಕೆ ಏನಾಗುತ್ತದೆ ನೋಡು. ಆವತ್ತಿನಿಂದ ಎಷ್ಟು ಮೈಲಿ ಅನ್ನುವ ಲೆಕ್ಕವೇ ಹೋಗುತ್ತದೆ. 50 ಗ್ರಾಂ ಒಳಗಿನ ಪ್ಲಗ್-ಇನ್‌ಗಳಿಗೆಲ್ಲ ಒಂದೇ ದರ, ಶೇ. 18. ಮರುವರ್ಷ 19. ಅದೇ ಕಾರು, ಅದೇ ರಸ್ತೆ, ತಿಂಗಳಿಗೆ 112 ಪೌಂಡ್ ಇದ್ದದ್ದು 252, ಆಮೇಲೆ 266. ಅದೇ ತಿಂಗಳಿಂದ ಓಡಿಸಿದ ಪ್ರತಿ ಮೈಲಿಗೂ ತೆರಿಗೆ ಬೇರೆ ಬರುತ್ತದೆ, ಪ್ಲಗ್-ಇನ್‌ಗೆ ಒಂದೂವರೆ ಪೆನ್ಸ್, ಪೂರ್ತಿ ಬ್ಯಾಟರಿ ಕಾರಿಗೆ 3 ಪೆನ್ಸ್ ಅಂತ 2025ರ ನವೆಂಬರ್ ಬಜೆಟ್‌ನಲ್ಲಿ ಹೇಳಿದ್ದಾರೆ. ಅದನ್ನು ಕಂಪನಿ ಕಟ್ಟುತ್ತದೋ ನೀನೋ, ಕೇಳಿಕೊ. ಮಧ್ಯದಲ್ಲಿ ಬೇಡ ಅಂತ ವಾಪಸ್ ಕೊಟ್ಟರೆ ದಂಡ ಎಷ್ಟು ಅಂತಲೂ ಕೇಳು. ಎರಡು ವರ್ಷದ ಕರಾರು ಸಿಗುತ್ತದಾ? ಸಿಕ್ಕರೆ ನನ್ನ ಮಾತೇ ಬೇರೆ ಆಗುತ್ತದೆ.

ಕಂಪನಿ ಪೆಟ್ರೋಲ್ ಕಾರ್ಡ್ ಕೊಟ್ಟರೆ ಸ್ವಂತ ಓಡಾಟಕ್ಕೆ ಬಳಸಬೇಡ. ಅದಕ್ಕೆ ಬೇರೆ ಟ್ಯಾಕ್ಸ್ ಇದೆ. 2025-26ರಲ್ಲಿ 28,200 ಪೌಂಡ್ ಅನ್ನುವ ಅಂಕಿಗೆ ಕಾರಿನ ಶೇಕಡಾವಾರು ಹಚ್ಚಿ ಲೆಕ್ಕ ಹಾಕುತ್ತಿದ್ದರು. ದುಡ್ಡಿಗಿಂತ ದೊಡ್ಡ ಕಾರಣ ಇನ್ನೊಂದಿದೆ. ಪೆಟ್ರೋಲ್ ಬಿಟ್ಟಿ, ಕರೆಂಟ್ ಮಾತ್ರ ಮನೆ ಬಿಲ್ಲಿನಲ್ಲಿ ಅಂದರೆ ಮಳೆಯಲ್ಲಿ ಹೊರಗೆ ಹೋಗಿ ಕೇಬಲ್ ಹಾಕುವುದಕ್ಕೆ ಯಾರಿಗೆ ಮನಸ್ಸು ಬರುತ್ತದೆ? ಆಫೀಸ್ ಕೆಲಸದ ಮೈಲಿಗೆ ಮಾತ್ರ ಹಣ ಕೇಳು. ಹೈಬ್ರಿಡ್ ಕಾರನ್ನು ಆ ಮೈಲಿ ಹಣದ ಲೆಕ್ಕದಲ್ಲಿ ಪೆಟ್ರೋಲ್ ಕಾರು ಅಂತಲೇ ಹಿಡಿಯುತ್ತಾರೆ. ನೀನು ರಾತ್ರಿ ಕರೆಂಟಿನಲ್ಲಿ ಓಡಿಸಿದರೂ ಪೆಟ್ರೋಲ್ ದರವೇ ಸಿಗುತ್ತದೆ. ನನಗೆ ಅದರಿಂದ ಪ್ರತಿ ತಿಂಗಳು ನಾಲ್ಕು ಕಾಸು ಉಳಿಯುತ್ತಿತ್ತು.

ಇನ್ನು ನಿನ್ನ ದಾರಿ. ರೆಡಿಂಗ್‌ನಿಂದ ಸ್ವಿಂಡನ್ ಸುಮಾರು 40 ಮೈಲಿ, ಬ್ರಿಸ್ಟಲ್ ಹತ್ತಿರ ಹತ್ತಿರ 80. ಕಾಗದದ 70 ಮೈಲಿ ಎಂ4 ಮೋಟರ್‌ವೇಯಲ್ಲಿ ಸಿಗುವುದಿಲ್ಲ, ಅದರಲ್ಲೂ ಜನವರಿಯಲ್ಲಿ ಹೀಟರ್ ಹಾಕಿಕೊಂಡು ಹೊರಟರೆ ಖಂಡಿತ ಇಲ್ಲ. ಸ್ವಿಂಡನ್‌ಗೆ ಹೋಗುವುದು ಕರೆಂಟಿನಲ್ಲಿ, ಬರುವುದು ಪೆಟ್ರೋಲ್‌ನಲ್ಲಿ ಅಂತ ಇಟ್ಟುಕೊ. ಅಲ್ಲಿನ ಆಫೀಸಿನಲ್ಲಿ ಚಾರ್ಜರ್ ಇದ್ದರೆ ಎರಡೂ ಕರೆಂಟಿನಲ್ಲೇ. ಬ್ರಿಸ್ಟಲ್ ದಿನ ಮೋಟರ್‌ವೇಯಲ್ಲಿ ಬ್ಯಾಟರಿ ಉಳಿಸುವ ಗುಂಡಿ ಒತ್ತಿಕೊ, ಊರೊಳಗಿನ ಟ್ರಾಫಿಕ್‌ಗೆ ಬ್ಯಾಟರಿ ಇರಲಿ. ವಾರಕ್ಕೆ ಎಷ್ಟು ದಿನ ಸ್ವಿಂಡನ್, ಎಷ್ಟು ದಿನ ಬ್ರಿಸ್ಟಲ್ ಅಂತ ಹೋದ ಮೂರು ತಿಂಗಳ ಕ್ಯಾಲೆಂಡರ್ ತೆಗೆದು ಎಣಿಸು. ಅಂದಾಜು ಬೇಡ. ಲಂಡನ್ನಿನ ನಡುಭಾಗಕ್ಕೆ ಕಾರು ಒಯ್ದರೆ ಕಟ್ಟಬೇಕಾದ ಕಂಜೆಶನ್ ಚಾರ್ಜ್ ಹೈಬ್ರಿಡ್‌ಗೆ ಮಾಫಿ ಅಂತ ನಿನ್ನ ಸ್ನೇಹಿತ ಹೇಳಿದನಂತೆ. ಅದು 2021ರ ಅಕ್ಟೋಬರ್‌ನಲ್ಲೇ ನಿಂತುಹೋಯಿತು.

ಡಿಕ್ಕಿ ನೋಡು, ಎಸ್ಟೇಟ್ ತಗೊಳ್ಳುವುದೇ ಅದಕ್ಕಲ್ವಾ. ಮಾಮೂಲಿ ಸೂಪರ್ಬ್ ಎಸ್ಟೇಟ್‌ನಲ್ಲಿ 690 ಲೀಟರ್ ಜಾಗ. ಪ್ಲಗ್-ಇನ್‌ನಲ್ಲಿ 510. ಕಡಿಮೆಯಾದದ್ದು ಉದ್ದ ಅಲ್ಲ, ಆಳ. ಹೋದ ಸಲ ಅಕ್ಕ ಭಾವ ಬಂದಾಗ ಹೀಥ್ರೋ ವಿಮಾನ ನಿಲ್ದಾಣದಲ್ಲಿ ಏನಾಯಿತು ಗೊತ್ತಾ? 23 ಕಿಲೋದ ನಾಲ್ಕು ಸೂಟ್‌ಕೇಸು, ಜೊತೆಗೆ ಹಪ್ಪಳದ ಡಬ್ಬ, ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ. ಮೂರು ಸೂಟ್‌ಕೇಸು ಮಲಗಿದವು. ನಾಲ್ಕನೆಯದನ್ನು ನಿಲ್ಲಿಸಿದರೆ ಮುಚ್ಚಳ ಹಾಕಲು ಆಗಲಿಲ್ಲ. ಕೇಬಲ್ಲಿನ ಒದ್ದೆ ಚೀಲ ಬೇರೆ ಒಂದು ಮೂಲೆ ಹಿಡಿದಿತ್ತು. ಕೊನೆಗೆ ಭಾವ ಒಂದು ಸೂಟ್‌ಕೇಸನ್ನು ಪಕ್ಕದಲ್ಲಿ ಕೂರಿಸಿಕೊಂಡು ಕವೆಂಟ್ರಿವರೆಗೂ ಬಂದರು. ಉಪ್ಪಿನಕಾಯಿ ಅಕ್ಕನ ಮಡಿಲಲ್ಲಿ. ಈಗ ನಿಮ್ಮ ಮನೆಗೆ ಮಗು ಬರುತ್ತಿದೆ. ತಳ್ಳುಗಾಡಿ ಒಂದೇ ಅರ್ಧ ಡಿಕ್ಕಿ ತಿನ್ನುತ್ತದೆ.

ಇನ್ನೊಂದು ಮಾತು, ಯಾವ ಪುಸ್ತಕದಲ್ಲೂ ಇಲ್ಲ. ಎಸ್ಟೇಟ್ ಕಾರು ತಗ್ಗು. ನಿಮ್ಮಮ್ಮನ ಮಂಡಿ ನೋವು ಗೊತ್ತಲ್ಲ. ನನ್ನ ಕಾರಿನಿಂದ ಇಳಿಯುವಾಗ ಬಾಗಿಲ ಅಂಚು ಹಿಡಿದು ಒಂದು ನಿಮಿಷ ಹಾಗೇ ಕೂತಿರುತ್ತಿದ್ದಳು. ನನಗೆ ನೋಡಿ ಹೊಟ್ಟೆ ಉರಿಯುತ್ತಿತ್ತು. ಬಾಣಂತನಕ್ಕೆ ಅವಳು ಬಂದು ಆರು ತಿಂಗಳು ಇರುವವಳು. ಆ ಕಾರಿನ ಹಿಂದಿನ ಸೀಟಿನಲ್ಲಿ ನೀನೇ ಹತ್ತು ಸಲ ಕೂತು ಎದ್ದು ನೋಡು.

ನನ್ನ ಅಭಿಪ್ರಾಯ ಕೇಳುತ್ತೀಯ ಅಂತ ಗೊತ್ತು. ಕರಾರು ನಾಲ್ಕು ವರ್ಷದ್ದೇ ಆದರೆ, ಗೋಡೆಗೆ ಚಾರ್ಜರ್ ಬರುವುದು ಖಚಿತವಾದರೆ, ಪೂರ್ತಿ ಬ್ಯಾಟರಿಯ ಎಸ್ಟೇಟನ್ನೇ ತಗೊ. ನಿಮ್ಮ ಪಟ್ಟಿಯಲ್ಲಿ ಐಡಿ.7 ಟೂರರ್ ಇದೆ ಅಂದೆಯಲ್ಲ, ಅದರ ಡಿಕ್ಕಿ 605 ಲೀಟರ್. ಬ್ರಿಸ್ಟಲ್‌ಗೆ ಹೋಗಿ ಬಂದರೂ ಚಾರ್ಜ್ ಉಳಿದಿರುತ್ತದೆ. ಟ್ಯಾಕ್ಸ್ 2026-27ರಲ್ಲಿ ಶೇ. 4, 2028-29ಕ್ಕೂ 7 ಮಾತ್ರ. ಅದರ ಬೆಲೆ ಜಾಸ್ತಿ, ಆದರೂ ಲೆಕ್ಕ ಹಾಕಿ ನೋಡು. ಸ್ಕಾಟ್ಲೆಂಡ್‌ಗೆ ಹೋಗುವಾಗ ಚಾರ್ಜ್ ಸಿಗದಿದ್ದರೆ ಅನ್ನುವ ನಿನ್ನ ಹೆದರಿಕೆ ನನಗೂ ಇತ್ತು. ವರ್ಷಕ್ಕೆ ಒಂದು ಸಲದ ಪ್ರವಾಸಕ್ಕಾಗಿ ಉಳಿದ ದಿನವೆಲ್ಲ ಇಂಜಿನ್ ಹೊತ್ತು ತಿರುಗಬೇಕಾ ಅಂತ ಯೋಚಿಸು. ಚಾರ್ಜರ್ ಇದೆ, ಕರಾರು ಎರಡೇ ವರ್ಷ, ಸ್ವಿಂಡನ್ ದಿನಗಳೇ ಹೆಚ್ಚು ಅಂತಾದರೆ ನಿನ್ನ ಸೂಪರ್ಬ್ ಒಳ್ಳೇ ಕಾರು, ಧೈರ್ಯವಾಗಿ ಹೂಂ ಅನ್ನು. ಚಾರ್ಜರ್ ಆಗುವುದೇ ಇಲ್ಲ ಅಂದರೆ ಎರಡೂ ಬೇಡ, ಮತ್ತೆ ಫೋನ್ ಮಾಡು, ಕೂತು ಮಾತಾಡೋಣ.

ನಾಳೆ ಬೆಳಗಾದ ತಕ್ಷಣ ಅಳತೆ ಟೇಪ್ ತಗೊಂಡು ಹೊರಗೆ ಹೋಗು. ಕಾರು ನಿಲ್ಲಿಸುವ ಜಾಗದಿಂದ ಕರೆಂಟ್ ಮೀಟರ್ ಡಬ್ಬಕ್ಕೆ ಎಷ್ಟು ಅಡಿ ಅಂತ ಅಳೆದು ಫೋಟೋ ಸಮೇತ ನನಗೆ ಕಳಿಸು. ನನ್ನ ಮನೆಗೆ ಹಾಕಿಕೊಟ್ಟ ಎಲೆಕ್ಟ್ರಿಷಿಯನ್‌ಗೆ ತೋರಿಸಿ ಎಷ್ಟಾಗುತ್ತದೆ ಕೇಳುತ್ತೇನೆ. ನಿನ್ನ ಹೆಂಡತಿಗೆ ನನ್ನ ಆಶೀರ್ವಾದ ಹೇಳು. ಭಾರ ಎತ್ತಲು ಬಿಡಬೇಡ.

ಇತಿ,
ನಿನ್ನ ಚಿಕ್ಕಮ್ಮ