ಗಡ್ಡೆಯೇ ಇರಬಹುದಾ ಅಂತ ಕೇಳಿದ್ದೀಯಲ್ಲ

ಪುಟ್ಟೀ, ಆಶೀರ್ವಾದ.

ನಿನ್ನ ಕಾಗದದ ಕೊನೇ ಸಾಲು ನಿದ್ದೆ ಕೆಡಿಸಿತು. "ಅಮ್ಮನ ಕಣ್ಣಿನ ಸ್ಕ್ಯಾನಿನಲ್ಲಿ ಸ್ನಾಯು ಊದಿದೆ ಅಂತ ಬರೆದಿದ್ದಾರೆ, ಗಡ್ಡೆಯೇ ಇರಬಹುದಾ ಅತ್ತೆ?"

ಗಡ್ಡೆ ಗಳಿಗೆಯಲ್ಲಿ ಬೆಳೆಯುವುದಿಲ್ಲ ಕಣೇ. ಅಮ್ಮನಿಗೆ ಎಲ್ಲವೂ ಒಮ್ಮೆಲೇ ಬಂತು: ನೋವು, ಮುಂದಕ್ಕೆ ಬಂದ ಕಣ್ಣು, ಒಂದು ಎರಡಾಗಿ ಕಾಣುವುದು. ಸ್ನಾಯುವಿನೊಳಗೆ ರಕ್ತ ಸೋರಿದರೆ ಹೀಗೇ. ಕಣ್ಣಿನ ಗೂಡು ಬರೀ 30 ಮಿಲಿಲೀಟರಿನಷ್ಟು ಮೂಳೆಯ ಬಟ್ಟಲು; ಸುತ್ತ ಹಿಗ್ಗಲು ಜಾಗವಿಲ್ಲ, ಕಣ್ಣು ಮುಂದಕ್ಕೇ ಬರಬೇಕು. ಕಣ್ಣು ಹೊರಳಿಸುವ 6 ಸ್ನಾಯುಗಳಲ್ಲಿ ಹೀಗಾಗುವುದು ಹೆಚ್ಚಾಗಿ ಕೆಳಗಿನ ಇನ್‌ಫೀರಿಯರ್ ರೆಕ್ಟಸ್‌ನಲ್ಲಿ, ಅದೂ ನಡುವಯಸ್ಸು ದಾಟಿದ ಹೆಂಗಸರಿಗೆ. ವರದಿಯಲ್ಲಿರುವುದೂ ಅದೇ ಸ್ನಾಯು.

ಥೈರಾಯ್ಡ್‌ನಿಂದಲೂ ಊದುತ್ತದೆ, ಆದರೆ ನಿಧಾನವಾಗಿ. ಆ ರಕ್ತಪರೀಕ್ಷೆ ಆಗಲಿ, ಜೊತೆಗೆ ಪ್ಲೇಟ್‌ಲೆಟ್, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅಂತ ತಿಳಿಸುವ ಐಎನ್‌ಆರ್ ಕೂಡ.

ಇಷ್ಟಾದರೂ ಗಡ್ಡೆಯಲ್ಲ ಅಂತ ಇಲ್ಲಿಂದಲೇ ಹೇಳಲಾರೆ. ಬೇರೆಡೆಯಿಂದ ಹರಡಿದ ಗಡ್ಡೆಯಲ್ಲೂ ರಕ್ತ ಸೋರೀತು. ಅದಕ್ಕೇ ಎರಡನೇ ಎಂಆರ್‌ಐ. ರಕ್ತವಾದರೆ ವಾರಗಳು ಕಳೆದಂತೆ ಚಿತ್ರದಲ್ಲಿ ಅದರ ಛಾಯೆ ಬದಲಾಗುತ್ತದೆ, ಊತ ಇಳಿಯುತ್ತದೆ. ಗಡ್ಡೆ ತಾನಾಗಿ ಕರಗುವುದಿಲ್ಲ. ಅಲ್ಲಿಯವರೆಗೆ ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿ ಬೇಡ ಅಂತ ಡಾಕ್ಟರು ಅಂದರೆ ಅದು ಅಸಡ್ಡೆಯಲ್ಲ. ಇಷ್ಟನ್ನು ಫೋನಿನಲ್ಲೇ ಹೇಳಬೇಕಿತ್ತು. ತಡವರಿಸಿದೆ, ತಪ್ಪು ನನ್ನದೇ.

ನನಗೆ ಗಡ್ಡೆಗಿಂತ ಹೆಚ್ಚಿನ ಭಯ ಕಣ್ಣಿನ ಗೂಡಿನೊಳಗಿನ ಒತ್ತಡದ್ದು. ದಿನಕ್ಕೆ ಮೂರ್ನಾಲ್ಕು ಸಲ ಒಳ್ಳೇ ಕಣ್ಣು ಮುಚ್ಚಿಸಿ ಇನ್ನೊಂದರಲ್ಲಿ ಓದಿಸು, ಕೆಂಪು ವಸ್ತು ತೋರಿಸು. ಮಂಜಾದರೆ, ಕೆಂಪು ಪೇಲವವಾಗಿ ಕಂಡರೆ, ನೋವು ಏರಿ ಕಣ್ಣು ಕಲ್ಲಿನಂತೆ ಬಿಗಿದರೆ ನೇರ ತುರ್ತು ವಿಭಾಗಕ್ಕೆ, ರಾತ್ರಿಯಾದರೂ ಸರಿ. ರಕ್ತಸಂಚಾರ ನಿಂತರೆ ಅಕ್ಷಿಪಟ ತಡೆಯುವುದು ಹೆಚ್ಚೆಂದರೆ ಒಂದೂವರೆ ಎರಡು ಗಂಟೆ. ರೆಪ್ಪೆಯ ಹೊರಮೂಲೆ ಕತ್ತರಿಸಿ ಒತ್ತಡ ಇಳಿಸುತ್ತಾರೆ, ಸ್ಕ್ಯಾನಿಗೆ ಕಾಯುವುದಿಲ್ಲ.

ಉಳಿದದ್ದು ನಿನಗೂ ಗೊತ್ತಿರಬಹುದು, ಬೇಸರಿಸಬೇಡ. ತಲೆದಿಂಬು ಎತ್ತರವಿರಲಿ. ಮೂಗು ಜೋರಾಗಿ ಸೀಟುವುದು, ತಿಣುಕುವುದು ಬೇಡ. ಮಲಬದ್ಧತೆಗೆ ಔಷಧಿ ಕೇಳು. ನೋವಿಗೆ ಪ್ಯಾರಾಸಿಟಮಾಲ್ ಸಾಕು, ಆಸ್ಪಿರಿನ್, ಐಬುಪ್ರೊಫೇನ್ ಬೇಡ. ಆದರೆ ರಕ್ತ ತೆಳುವಾಗಿಸುವ ಮಾತ್ರೆ ಬರೆದುಕೊಟ್ಟಿದ್ದರೆ ನೀನಾಗಿ ನಿಲ್ಲಿಸಬೇಡ, ಹೃದಯದ ಡಾಕ್ಟರನ್ನು ಕೇಳು. ಎರಡೆರಡು ಕಂಡರೆ ಒಂದು ಕಣ್ಣಿಗೆ ಪಟ್ಟಿ. ಬಿಪಿ ಬರೆದಿಡು.

ಮತ್ತೆ ಗಡ್ಡೆಯ ಮಾತಿಗೇ ಬರುತ್ತೇನೆ. ಎರಡನೇ ಸ್ಕ್ಯಾನಿಗೆ ಹೋಗುವಾಗ ಮೊದಲನೆಯದರ ಫಿಲ್ಮು, ಸಿಡಿ ಎರಡನ್ನೂ ಒಯ್ಯಿ. ಹೋಲಿಸಿ ನೋಡದಿದ್ದರೆ ಮತ್ತೆ "ಸ್ನಾಯು ಊದಿದೆ" ಅಂತಷ್ಟೇ ಬರೆದುಕೊಟ್ಟಾರು.

ನಿನ್ನ ಅತ್ತೆ