ತೆಗೆದ ಹರಳನ್ನು ಪರೀಕ್ಷಿಸದೆ ಎಸೆಯಬೇಡಿ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಪತ್ರಿಕೆಗಳಲ್ಲಿ ಮೂತ್ರಪಿಂಡದ ಹರಳಿನ ಕುರಿತು ಲೇಖನಗಳು ಕಾಣಿಸಿಕೊಳ್ಳುತ್ತವೆ. ನೀರು ಹೆಚ್ಚು ಕುಡಿಯಿರಿ, ಹಾಲು ಮೊಸರು ಕಡಿಮೆ ಮಾಡಿ, ಬೋರ್‌ವೆಲ್ ನೀರು ಬಿಡಿ ಎಂಬ ಮೂರು ಸಲಹೆಗಳು ಅವುಗಳಲ್ಲಿ ತಪ್ಪದೆ ಇರುತ್ತವೆ. ಮೊದಲನೆಯದು ಸರಿ, ಎರಡನೆಯದು ತಪ್ಪು, ಮೂರನೆಯದಕ್ಕೆ ಆಧಾರ ಸಾಲದು. ಆದರೆ ಈ ಪತ್ರ ಬರೆಯಲು ಕಾರಣ ಆ ಸಲಹೆಗಳಲ್ಲ. ಹರಳಿನ ಕಾಟ ಮನೆಮನೆಯ ಮಾತಾಗಿರುವ ನಮ್ಮ ಭಾಗದಲ್ಲಿ, ಆಪರೇಷನ್ ಮಾಡಿ ತೆಗೆದ ಹರಳು ಯಾವುದರಿಂದ ಆಗಿದೆ ಎಂದು ನೋಡುವ ರೂಢಿಯೇ ಇಲ್ಲದಿರುವುದು.

ನಾನು ಮುಧೋಳ ತಾಲ್ಲೂಕಿನ ಸಕ್ಕರೆ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಕೆಮಿಸ್ಟ್ ಆಗಿ ದುಡಿದವನು. ಹರಳುಗಟ್ಟುವುದು ನಮಗೆ ಹೊಟ್ಟೆಪಾಡಿನ ವಿಷಯ. ಪಾಕ ಎಷ್ಟು ಗಟ್ಟಿಯಾದಾಗ ಸಕ್ಕರೆಯ ಕಾಳು ಕೂರುತ್ತದೆ, ಹರಳು ಬೆಳೆಯಲು ಬೀಜವಾಗುವ ಸಕ್ಕರೆ ಪುಡಿ ಯಾವಾಗ ಬಿಡಬೇಕು, ಕಬ್ಬಿನ ಹುಳಿ ರಸಕ್ಕೆ ಸುಣ್ಣದ ಹಾಲು ಎಷ್ಟು ಸೇರಿಸಿದರೆ ಹುಳಿಯ ಅಳತೆಯಾದ ಪಿಎಚ್ (ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು) 7ರ ಹತ್ತಿರ ಬರುತ್ತದೆ ಎಂಬುದನ್ನು ಪಾಳಿಯುದ್ದಕ್ಕೂ ಅಳೆದು ರಿಜಿಸ್ಟರಿನಲ್ಲಿ ಬರೆದವರು ನಾವು. ಮೂತ್ರಪಿಂಡದಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ. ಮೂತ್ರ ಗಟ್ಟಿಯಾಗಿ, ಅದರಲ್ಲಿ ಕರಗಿದ ವಸ್ತು ತನ್ನ ಮಿತಿ ಮೀರಿದಾಗ ಹರಳು ಹುಟ್ಟುತ್ತದೆ. ಯಾವ ವಸ್ತು ಎಂಬುದು ಮಾತ್ರ ರೋಗಿಯಿಂದ ರೋಗಿಗೆ ಬೇರೆ. ಹೆಚ್ಚಿನವರಲ್ಲಿ ಅದು ಕ್ಯಾಲ್ಸಿಯಂ ಆಕ್ಸಲೇಟ್. ಕೆಲವರಲ್ಲಿ ಯೂರಿಕ್ ಆಮ್ಲ. ಪದೇ ಪದೇ ಮೂತ್ರದ ಸೋಂಕು ಆಗುವವರಲ್ಲಿ ಸ್ಟ್ರುವೈಟ್. ಅಪರೂಪಕ್ಕೆ, ಹುಟ್ಟಿನಿಂದಲೇ ಬರುವ ದೋಷವಿದ್ದವರಲ್ಲಿ, ಸಿಸ್ಟೀನ್.

ನನಗೆ ಮೊದಲ ಸಲ ದುರ್ಬೀನು ಆಪರೇಷನ್ ಆದಾಗ ಹರಳಿನ ಚೂರುಗಳನ್ನು ಪುಟ್ಟ ಡಬ್ಬಿಯಲ್ಲಿ ಹಾಕಿ ಮಗನ ಕೈಗೆ ಕೊಟ್ಟರು, ನೋಡಲಿಕ್ಕೆ ಎಂದು. ಬಿಡುಗಡೆಯ ಚೀಟಿಯಲ್ಲಿ ಹಾಲು, ಮೊಸರು, ಟೊಮೆಟೊ ಬೇಡ ಎಂದಿತ್ತು. ರೊಟ್ಟಿಯ ಜೊತೆ ಮೊಸರು ಬಿಟ್ಟು ನಾಲ್ಕು ವರ್ಷ ಪಥ್ಯ ಮಾಡಿದೆ. ಮತ್ತೆ ಹರಳಾಯಿತು, ಈ ಸಲ ಎರಡು. ಆಗ ಹಟ ಹಿಡಿದು ಚೂರುಗಳನ್ನು ಸ್ವಂತ ಖರ್ಚಿನಲ್ಲಿ ದೊಡ್ಡ ಊರಿನ ಪ್ರಯೋಗಾಲಯಕ್ಕೆ ಕಳಿಸಿದೆ. ಇನ್‌ಫ್ರಾರೆಡ್ ಕಿರಣ ಹಾಯಿಸಿ ನೋಡುವ ಈ ಪರೀಕ್ಷೆಗೆ ಕೆಲವು ಮಿಲಿಗ್ರಾಂ ಪುಡಿ ಸಾಕು. ವರದಿ ಬಂದಾಗ ಹರಳಿನ ಬಹುಭಾಗ ಯೂರಿಕ್ ಆಮ್ಲವಾಗಿತ್ತು. ನಾಲ್ಕು ವರ್ಷ ಬಿಟ್ಟ ಮೊಸರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಯೂರಿಕ್ ಆಮ್ಲದ ಹರಳಿನ ಗುಣವೆಂದರೆ ಅದು ಹುಳಿ ಮೂತ್ರದಲ್ಲಿ ಕೂರುತ್ತದೆ, ಹುಳಿ ಇಳಿದರೆ ಕರಗುತ್ತದೆ. ಮೂತ್ರದ ಪಿಎಚ್ 5ರಿಂದ 7ಕ್ಕೆ ಏರಿದರೆ ಅದರ ಕರಗುವ ಪ್ರಮಾಣ ಹತ್ತು ಪಟ್ಟಿನಷ್ಟು ಹೆಚ್ಚುತ್ತದೆ. ಹೀಗಾಗಿ ಮೂತ್ರದ ಹುಳಿ ಇಳಿಸುವ ಪೊಟ್ಯಾಸಿಯಂ ಸಿಟ್ರೇಟ್ ಔಷಧಿಯಿಂದ ಆಪರೇಷನ್ ಇಲ್ಲದೆಯೇ ಕರಗಿಸಬಹುದಾದ ಹರಳು ಇದು. ಹಾಗೆಂದು ಯಾರೂ ಅಂಗಡಿಯಿಂದ ತಂದು ಕುಡಿಯಬಾರದು; ಮೂತ್ರಪಿಂಡದ ಶಕ್ತಿ ಕುಂದಿದವರಿಗೆ ಪೊಟ್ಯಾಸಿಯಂ ಅಪಾಯ ತರುತ್ತದೆ. ಸುಣ್ಣದ ಹಾಲಿನ ಲೆಕ್ಕ ಮೂವತ್ತು ವರ್ಷ ಇಟ್ಟ ನನಗೆ ಈ ಸರಳ ರಸಾಯನಶಾಸ್ತ್ರ ನನ್ನದೇ ದೇಹದ ವಿಷಯದಲ್ಲಿ ಎರಡು ಆಪರೇಷನ್ ಆಗುವವರೆಗೆ ಗೊತ್ತಾಗಲಿಲ್ಲ ಎಂಬುದಕ್ಕೆ ನಗಬೇಕೋ ಅಳಬೇಕೋ ತಿಳಿಯದು.

ಇನ್ನು ಕ್ಯಾಲ್ಸಿಯಂ ಹರಳಿನವರಿಗಾದರೂ ಹಾಲು ಬಿಡಿಸುವುದು ಸರಿಯೇ ಎಂದರೆ, ಇಟಲಿಯಲ್ಲಿ ನಡೆದು 2002ರಲ್ಲಿ ಪ್ರಕಟವಾದ ಐದು ವರ್ಷಗಳ ಅಧ್ಯಯನ ಬೇರೆಯೇ ಹೇಳುತ್ತದೆ. ಹರಳು ಮರುಕಳಿಸುತ್ತಿದ್ದ 120 ಗಂಡಸರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕ್ಯಾಲ್ಸಿಯಂ ಕಡಿಮೆ ಇರುವ ಆಹಾರವನ್ನೂ ಇನ್ನೊಂದಕ್ಕೆ ಎಂದಿನಷ್ಟೇ ಕ್ಯಾಲ್ಸಿಯಂ ಇಟ್ಟು ಉಪ್ಪು ಮತ್ತು ಮಾಂಸ ಕಡಿಮೆ ಮಾಡಿದ ಆಹಾರವನ್ನೂ ಸೂಚಿಸಲಾಗಿತ್ತು. ಮೊದಲ ಗುಂಪಿನ 60 ಜನರಲ್ಲಿ 23 ಮಂದಿಗೆ ಮತ್ತೆ ಹರಳಾಯಿತು, ಎರಡನೆಯದರಲ್ಲಿ 12 ಮಂದಿಗೆ ಮಾತ್ರ. ಆಹಾರದ ಕ್ಯಾಲ್ಸಿಯಂ, ಪಾಲಕ್‌ನಂಥ ಸೊಪ್ಪಿನಲ್ಲಿರುವ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದು ಮಲದೊಂದಿಗೆ ಸಾಗಿಸುತ್ತದೆ. ಮೊಸರು ಬಿಟ್ಟು ಪಾಲಕ್ ತಿಂದರೆ ಆ ಆಕ್ಸಲೇಟ್ ನೇರ ಮೂತ್ರಕ್ಕೆ ಬರುತ್ತದೆ. ದಶಕಗಳಿಂದ ಕೊಡುತ್ತ ಬಂದ ಔಷಧಿಯೂ ಪರೀಕ್ಷೆಗೆ ಹೊರತಲ್ಲ. ಹರಳು ಮರುಕಳಿಸದಿರಲೆಂದು ಬರೆಯುವ ಹೈಡ್ರೋಕ್ಲೋರೋಥಯಜೈಡ್ ಮಾತ್ರೆಯನ್ನು ಸ್ವಿಟ್ಜರ್‌ಲೆಂಡಿನಲ್ಲಿ 416 ರೋಗಿಗಳಲ್ಲಿ ಮೂರು ಗುಂಪುಗಳಿಗೆ ಬೇರೆ ಬೇರೆ ಪ್ರಮಾಣಗಳಲ್ಲಿ ಕೊಟ್ಟು, ಔಷಧಿಯಿಲ್ಲದ ಹುಸಿಮಾತ್ರೆಯೊಂದಿಗೆ ಹೋಲಿಸಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ನಮ್ಮ ಕಡೆ ಹುರಳಿ ಸಾರು, ಬಾಳೆದಿಂಡಿನ ರಸ ಕುಡಿಯದ ಹರಳಿನ ರೋಗಿಯೇ ಇಲ್ಲ. ಇಂಥ ರಸಗಳು ಗಾಜಿನ ನಳಿಕೆಯಲ್ಲಿ ಹರಳು ಬೆಳೆಯುವುದನ್ನು ತಡೆದವು ಎಂಬ ವರದಿಗಳನ್ನೂ, ಇಥಿಲೀನ್ ಗ್ಲೈಕಾಲ್ ಬೆರೆಸಿದ ನೀರು ಕುಡಿಸಿ ಇಲಿಗಳಲ್ಲಿ ಹರಳು ಬರಿಸಿ ನಂತರ ಸೊಪ್ಪಿನ ರಸ ಕೊಟ್ಟು ನೋಡಿದ ಪ್ರಯೋಗಗಳನ್ನೂ ನಾನು ಓದಿದ್ದೇನೆ. ಅವು ಆರಂಭಕ್ಕೆ ಒಳ್ಳೆಯವು, ತೀರ್ಪಿಗೆ ಸಾಲವು. ನಳಿಕೆಯಲ್ಲಿ ರಸ ನೇರವಾಗಿ ಹರಳಿನ ಮೇಲೆ ಬೀಳುತ್ತದೆ. ಕುಡಿದ ರಸ ಹೊಟ್ಟೆ, ಕರುಳು, ಯಕೃತ್ತು ದಾಟಿ ಮೂತ್ರಕ್ಕೆ ಬರುವಾಗ ಏನಾಗಿ ಬರುತ್ತದೆ ಎಂಬುದನ್ನು ಮನುಷ್ಯರಲ್ಲೇ ನೋಡಬೇಕು.

ಮನುಷ್ಯರ ಮೇಲಿನ ಸಂಶೋಧನೆ ಎಂದೊಡನೆ, ನಮ್ಮನ್ನು ಪ್ರಯೋಗದ ಇಲಿ ಮಾಡುತ್ತಾರೆ ಎಂಬ ಅಂಜಿಕೆ ಹಳ್ಳಿಗಳಲ್ಲಿ ಇದೆ. ಆದರೆ ಅಂಥ ಕೆಲಸ ನಮ್ಮ ಪಕ್ಕದಲ್ಲೇ ಗೌರವದಿಂದ ನಡೆದಿದೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರೊಂದಿಗೆ ಸೇರಿ, ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯ 1,620 ಹೆಂಗಸರಲ್ಲಿ, ಹೆರಿಗೆಯ ನಂತರದ ರಕ್ತಸ್ರಾವವನ್ನು ಮಿಸೊಪ್ರೊಸ್ಟಾಲ್ ಮಾತ್ರೆ ತಡೆಯುತ್ತದೆಯೇ ಎಂದು ಪರೀಕ್ಷಿಸಿದರು. ಮಾತ್ರೆ ಕೊಟ್ಟವರು ಹಳ್ಳಿಯ ಆರೋಗ್ಯ ಸಹಾಯಕಿಯರು. ಹುಸಿಮಾತ್ರೆ ಪಡೆದವರಲ್ಲಿ ಶೇ 12ರಷ್ಟು ಮಂದಿಗೆ ಅತಿ ರಕ್ತಸ್ರಾವವಾದರೆ, ಈ ಮಾತ್ರೆ ಪಡೆದವರಲ್ಲಿ ಅದು ಶೇ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಆ ವರದಿಯನ್ನು ಜಗತ್ತೇ ಗಮನಿಸಿತು. ಹೆರಿಗೆಗೆ ಆದದ್ದು ಹರಳಿಗೆ ಏಕೆ ಆಗಬಾರದು?

ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರರಲ್ಲೂ ವೈದ್ಯಕೀಯ ಕಾಲೇಜುಗಳಿವೆ. ಅವು ಒಂದಾಗಿ, ರೋಗಿಯ ಒಪ್ಪಿಗೆ ಪಡೆದು, ತೆಗೆದ ಪ್ರತಿ ಹರಳನ್ನೂ ಪರೀಕ್ಷಿಸಿ, ರೋಗಿಯ 24 ಗಂಟೆಯ ಮೂತ್ರದಲ್ಲಿ ಕ್ಯಾಲ್ಸಿಯಂ, ಆಕ್ಸಲೇಟ್, ಸಿಟ್ರೇಟ್, ಯೂರಿಕ್ ಆಮ್ಲ ಎಷ್ಟಿವೆ ಎಂದು ಅಳೆದು, ಅವನು ಕುಡಿಯುವ ನೀರು ಯಾವುದು, ದುಡಿಯುವ ಜಾಗ ಎಂಥದು ಎಂದು ಬರೆದಿಟ್ಟರೆ ಎರಡು ಮೂರು ಬೇಸಿಗೆಗಳಲ್ಲಿ ನಮ್ಮ ನೆಲದ್ದೇ ಲೆಕ್ಕ ಸಿಗುತ್ತದೆ. ಬೋರ್‌ವೆಲ್ ನೀರಿನ ಮೇಲಿನ ಆರೋಪ ಎಷ್ಟು ನಿಜವೆಂದೂ ಆಗ ತಿಳಿದೀತು. ಅಮೆರಿಕದಲ್ಲಿ ಹರಳಿನ 4 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ನೋಡಿದ 2002ರ ಅಧ್ಯಯನದಲ್ಲಿ, ಗಡಸು ನೀರಿನ ಊರಿನವರ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೂ ಅದರ ಜೊತೆ ಹರಳನ್ನು ತಡೆಯುವ ಸಿಟ್ರೇಟ್ ಕೂಡ ಹೆಚ್ಚಿತ್ತು. ಹರಳಾದ ಸಂಖ್ಯೆಯಲ್ಲಿ ದೊಡ್ಡ ಅಂತರ ಇರಲಿಲ್ಲ.

ನನ್ನ ಸಂಶಯ ನೀರಿನ ಗಡಸಿಗಿಂತ ಬೆವರಿನ ಮೇಲೆ. ಬ್ರೆಜಿಲ್ ದೇಶದ ಉಕ್ಕಿನ ಕಾರ್ಖಾನೆಯೊಂದರ 10 ಸಾವಿರಕ್ಕೂ ಹೆಚ್ಚು ನೌಕರರನ್ನು ಗಮನಿಸಿ 2005ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಕುಲುಮೆಯ ಕಾವಿನಲ್ಲಿ ದುಡಿಯುವವರಲ್ಲಿ ಶೇ 8ರಷ್ಟು ಮಂದಿಗೆ ಹರಳಾಗಿತ್ತು, ಸಾಮಾನ್ಯ ಉಷ್ಣತೆಯ ಜಾಗದವರಲ್ಲಿ ಶೇ 0.9ರಷ್ಟು ಮಂದಿಗೆ ಮಾತ್ರ. ನಮ್ಮ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳ ಬಾಯ್ಲರ್ ಮತ್ತು ಪಾಕ ಕುದಿಸುವ ಪ್ಯಾನ್ ವಿಭಾಗಗಳಲ್ಲಿ ದುಡಿಯುವವರನ್ನು ಮೊದಲು ಪರೀಕ್ಷಿಸಿದರೆ ಒಳ್ಳೆಯದು. ಹಂಗಾಮು ಮುಗಿದ ಮೇಲೆ ಅವರಿಗೆ ಬಿಡುವು ಇರುತ್ತದೆ, ಸ್ಯಾಂಪಲ್ ತೆಗೆಯುವ ಶಿಸ್ತೂ ಗೊತ್ತಿರುತ್ತದೆ. ಯಾವುದಾದರೂ ಕಾಲೇಜು ಈ ಕೆಲಸಕ್ಕೆ ಮುಂದಾದರೆ, ಹಳೆಯ ಸಂಗಡಿಗರನ್ನು ಕರೆತರುವ ಹೊಣೆ ನನ್ನದು. ಎರಡನೆಯ ಆಪರೇಷನ್ನಿನಲ್ಲಿ ತೆಗೆದ ಹರಳಿನ ಉಳಿದ ಚೂರುಗಳೂ ಅದೇ ಡಬ್ಬಿಯಲ್ಲಿ ನನ್ನ ಬಳಿ ಇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸಕ್ಕರೆ ಕಾರ್ಖಾನೆ ಕೆಮಿಸ್ಟ್
ಮುಧೋಳ, ಬಾಗಲಕೋಟೆ ಜಿಲ್ಲೆ